ಕಾಲ್ ಅಂದರೆ ನಿನ್ನೆ

ಸೊಲ್ಲಾಪುರದಿಂದ ಅಕ್ಕಲಕೋಟೆಗೆ ನಡೆದು ಹೋದದ್ದರ ಬಗ್ಗೆ ನಾನೊಂದು ಹಾಸ್ಯ ಲೇಖನ ಬರೆದಿದ್ದೆ. ಅದು ಅಚ್ಚಾದ ಮೇಲೆ, ನನ್ನ ಜೊತೆ ನಡೆದಿದ್ದ ದೊಡ್ಡಪ್ಪನ ಮಗ ಮಾತು ಬಿಟ್ಟ. ಈ ವರ್ಷವೂ ಇಬ್ಬರೂ ಹೋಗೋಣ ಎಂದು ಮಾತಾಗಿತ್ತು. ಅವನಿಲ್ಲದೆ ನನಗೆ ಆ ದಾರಿ ಬೇಡ.

ದೂರ ನಡೆದವರು ಬರೆದ ಹಾಸ್ಯ ಪುಸ್ತಕಗಳನ್ನು ವಿಶ್ವವಿದ್ಯಾಲಯದ ದಿನಗಳಿಂದ, ಪ್ರೊಫೆಸರ್ ಆದ ಮೇಲೂ, ಓದುತ್ತಿದ್ದೇನೆ. ಅವುಗಳ ಮೇಲೆ ನನಗೆ ಗುಮಾನಿ. ಜೊತೆಗಾರ ಯಾವಾಗಲೂ ದಪ್ಪಗಿರುತ್ತಾನೆ, ಅರ್ಧ ದಾರಿಯಲ್ಲಿ ಗಂಟು ಎಸೆಯುತ್ತಾನೆ, ನಾಯಿ ಕಂಡರೆ ಹೆದರುತ್ತಾನೆ. ಬರೆಯುವವನ ಕಾಲಲ್ಲಿ ಬೊಕ್ಕೆ ಎದ್ದರೂ ಜಾಣತನ ಮಾತ್ರ ಕುಂದುವುದಿಲ್ಲ. ಇಷ್ಟೊಂದು ದಪ್ಪ ಮಂದಿ ನಡೆಯಲು ಯಾಕೆ ಹೊರಡುತ್ತಾರೆ ಎಂದು ಯಾರೂ ಕೇಳುವುದಿಲ್ಲ.

ದೊಡ್ಡಪ್ಪನ ಮಗನಾದ ನನ್ನ ಈ ಅಣ್ಣ ಚಾದರದ ವ್ಯಾಪಾರಿ, ತೆಳ್ಳಗಿದ್ದಾನೆ. ಲೇಖನದಲ್ಲಿ ದಪ್ಪಗಾದ. ಅದು ನನ್ನದೇ ಕೈಕೆಲಸ. ಚಹಾದಂಗಡಿಯ ಪ್ರಸಂಗ ಮಾತ್ರ ಕಣ್ಣಾರೆ ಕಂಡದ್ದೆಂದು ನಂಬಿದ್ದೆ. ದಾರಿ ನಡುವಿನ ವಳಸಂಗ ಊರು ದಾಟಿದ ಮೇಲೆ ಅಣ್ಣ ಬೆಂಚಿನ ಮೇಲೆ ಕುಸಿದು "ಕಾಲ್... ಕಾಲ್..." ಎಂದು ನರಳುತ್ತಾನೆ. ಚಹಾ ಮಾಡುವ ಹೆಂಗಸಿಗೆ ಕನ್ನಡ ಬಾರದು. ಮರಾಠಿಯಲ್ಲಿ ಕಾಲ್ ಎಂದರೆ ನಿನ್ನೆ. ನಿನ್ನೆ ಏನಾಯಿತು ಎಂದು ಆಕೆ ಗಾಬರಿಯಿಂದ ಕೇಳುತ್ತಾಳೆ. ಓದಿದವರೆಲ್ಲ ನಕ್ಕ ಜಾಗ ಅದು.

ಅಣ್ಣನಿಗೆ ಕನ್ನಡ ಓದುವುದು ತಡವರಿಕೆ. ಮೈಂದರ್ಗಿಯ ಬೀಗರು ಅಂಗಡಿಯಲ್ಲೇ ಕೂತು ಗಟ್ಟಿಯಾಗಿ ಓದಿ ಹೇಳಿದರಂತೆ. ಸಮಾಧಾನ ಮಾಡಲು ನಾನು ಹೋದಾಗ ಅವನು ಗಾದಿಯಿಂದ ಏಳಲೇ ಇಲ್ಲ.

"ದಪ್ಪ ಮಾಡಿದಿ, ಇರಲಿ. ನನ್ನ ಚಾಷ್ಟಿ ಯಾಕ ಕೆಡಸಿದಿ?"

"ಯಾವ ತಮಾಷೆ ಅಣ್ಣಾ?"

"ಯಾವಾಗ ಹೊಂಟೀರಿ, ಯಾವುದರಾಗ ಬಂದೀರಿ ಅಂತ ಆಕಿ ಕೇಳಿದಳು. ನಾ ಮೊಣಕಾಲ ತಟ್ಟಿ 'ಕಾಲ್' ಅಂದೆ. ಎರಡಕ್ಕೂ ಒಂದs ಉತ್ತರ! ಆಕಿ ಹೊಟ್ಟಿ ಹಿಡಕೊಂಡ ನಕ್ಕಳು. ಪ್ರೊಫೆಸರ ನೀ ಬೆಂಚಿನ ಮ್ಯಾಲ ಕಣ್ಣ ಮುಚ್ಚಿ ಬಿದ್ದಿದ್ದಿ. ಆ ರಸ್ತಾದಾಗ ಕನ್ನಡ ಬರಲಾರದ ಚಹಾದಂಗಡಿ ಎಲ್ಲೈತೋ?"

ಮಾತು ವಿಪರೀತ ಚೆನ್ನಾಗಿತ್ತು. ಅದಕ್ಕೇ ನನಗೆ ಸಂಶಯ ಬಂತು. ಕೂತಲ್ಲೇ ಹೊಸೆದಿರಬಹುದು. ನಾವು ಒಂದೇ ದಿನದಲ್ಲಿ ನಡೆದು ಮುಟ್ಟಿದೆವೆಂದು ನಾನು ಬರೆದಿದ್ದೆ. ಒಂದೇ ದಿನದಲ್ಲಿ ಮುಟ್ಟಿದ್ದರೆ 'ನಿನ್ನೆ' ಎಲ್ಲಿಂದ ಬಂತು ಎಂದು ಕೇಳಿದೆ.

"ಒಂದ ದಿನದಾಗ? ನೀನಾ?" ಅಣ್ಣ ಪಕಪಕನೆ ನಕ್ಕ. "ವಳಸಂಗದ ಸಾಲಿ ಕಟ್ಟಿ ಮ್ಯಾಲ ಯಾರ ಚಾದರ ಹೊಚಗೊಂಡ ಮಲಗಿದ್ದಿ ತಮ್ಮಾ?"

ಆ ಕ್ಷಣಕ್ಕೆ ಹೊಸ ಚಾದರದ ಗಂಜಿ ವಾಸನೆ ನನ್ನ ಮೂಗಿಗೆ ಬಡಿಯಿತು. ಶಾಲೆಯ ಕಟ್ಟೆ, ಬೆಳಗಿನ ಬಿಸಿಲು, ಎಲ್ಲ ಕಣ್ಣೆದುರು ನಿಂತವು. ನೆನಪಾಯಿತು ಎನ್ನುವಷ್ಟರಲ್ಲಿ ಸುತ್ತ ನೋಡಿದೆ. ನಾನು ಕೂತಿದ್ದದ್ದೇ ಚಾದರದ ಅಂಗಡಿಯಲ್ಲಿ. ವಾಸನೆ ಯಾವ ದಿನದ್ದೆಂದು ಹೇಗೆ ಹೇಳಲಿ?

"ಈ ವರ್ಷನೂ ನಡಿಯಾಕ ಬರ್ತೀನಿ," ಎಂದ ಅಣ್ಣ ಕೊನೆಗೆ. "ಆದ್ರ ಬಾಯಿ ಬಿಡಂಗಿಲ್ಲ. ಬಿಟ್ಟರ ನೀ ಬರೀತಿ."

ಹೇಳಿದಂತೆಯೇ ಮಾಡಿದ. ಸೊಲ್ಲಾಪುರ ಬಿಟ್ಟಾಗಿನಿಂದ ತುಟಿ ಬಿಚ್ಚಲಿಲ್ಲ. ನನ್ನ ಮೊಬೈಲ್ ಇದ್ದ ಕಿಸೆಯ ಕಡೆ ಆಗಾಗ ನೋಡುತ್ತಿದ್ದ. ರೆಕಾರ್ಡ್ ಆಗುತ್ತಿದೆಯೆಂಬ ಅನುಮಾನ. ವಳಸಂಗದಲ್ಲಿ ಉಳಿದು ಬೆಳಿಗ್ಗೆ ಹೊರಟೆವು. ಕಬ್ಬಿನ ಟ್ರ್ಯಾಕ್ಟರುಗಳ ಧೂಳಿನಲ್ಲಿ ನಾನು ಕುಂಟುತ್ತ ಹಿಂದೆ ಬಿದ್ದೆ. ಅವನು ಮುಂದೆ ಹೋಗಿ ಅದೇ ಚಹಾದಂಗಡಿಯಲ್ಲಿ ಕೂತಿದ್ದ.

ನಾನು ಮುಟ್ಟಿದ್ದೇ ತಡ, ಅಂಗಡಿಯ ಹೆಂಗಸು ಮರಾಠಿಯಲ್ಲಿ ಕೇಳಿದಳು: ಯಾವಾಗ ಹೊರಟಿರಿ, ಯಾವುದರಲ್ಲಿ ಬಂದಿರಿ?

ಅಣ್ಣ ಕಪ್ಪು ಹಿಡಿದು ನನ್ನನ್ನೇ ನೋಡಿದ. ಹಾಗಾದರೆ ಆಕೆ ಇದನ್ನು ನಿಜವಾಗಿಯೂ ಕೇಳುತ್ತಾಳೆ. ಅಥವಾ ನಾನು ಬರುವ ಮುಂಚೆ ಇವನು ಹೇಳಿಕೊಟ್ಟಿದ್ದಾನೆ. ಯೋಚಿಸಲು ಪುರುಸೊತ್ತಿರಲಿಲ್ಲ. ನಗುತ್ತಲೇ ಮೊಣಕಾಲು ತಟ್ಟಿ "ಕಾಲ್" ಎಂದೆ.

ಆಕೆ ನಗಲಿಲ್ಲ. ಸೋಸುವ ಜರಡಿ ಕೆಳಗಿಟ್ಟು, ಸ್ವಚ್ಛ ಕನ್ನಡದಲ್ಲಿ, "ಕಾಲ ನೋಯಾಕತ್ತಾವೇನ್ರಿ ಸರ? ಪಾಪ, ಕುಂಡ್ರಿ ಕುಂಡ್ರಿ," ಎಂದಳು.

ಅಣ್ಣನ ಮೂಗಿನಿಂದ ಚಹಾ ಬಂತು. ಅವರಿಬ್ಬರ ಕಣ್ಣು ಕೂಡಿದವೋ ಇಲ್ಲವೋ ನನಗೆ ಕಾಣಲಿಲ್ಲ, ನಾನು ಬೂಟಿನ ಲೇಸು ಬಿಚ್ಚಲು ಬಗ್ಗಿದ್ದೆ.

"ಹಂಗ ನಕ್ಕೋತ ಹೇಳಬಾರದೋ, ಮಾರಿ ಸಪ್ಪಗ ಇಡಬೇಕು!" ಎಂದ ಅಣ್ಣ. "ಇದನ್ನ ಬರಿ. ನನ್ನ ಬೇಕಾದ್ರ ದಪ್ಪನs ಇಡು."

ಅಲ್ಲಿಂದ ಅಕ್ಕಲಕೋಟೆಯ ತನಕ ಅವನು ಬಾಯಿ ಮುಚ್ಚಲಿಲ್ಲ.