ನಾಲೆಯಲ್ಲಿ ಸಿಕ್ಕ ಬೀಸುಕಲ್ಲು

ಒಣಗಿದ ನಾಲೆಯ ತಳಕ್ಕೆ ನಾಲ್ಕು ಹನಿ ಮಳೆ ಬಿದ್ದು ಎದ್ದ ವಾಸನೆಗೆ, ನಡೆಯುತ್ತಿದ್ದವಳು ನಿಂತುಬಿಟ್ಟೆ. ಹೂಳು, ಕೊಳೆತ ಹುಲ್ಲು, ಏಡಿಯ ಬಿಲ ಎಲ್ಲ ಸೇರಿದ ಆ ವಾಸನೆ ಇಷ್ಟು ವರ್ಷ ಎಲ್ಲಿ ಅಡಗಿತ್ತೋ! ಮುಂದೆ ಹೋಗುತ್ತಿದ್ದ ಗೌರಿಯೂ ನಿಂತಳು. ಅವಳು ನಮ್ಮೂರಿನ ನೀರುಗಂಟಿ ಸಣ್ಣಪ್ಪನ ಮಗಳು, ನನ್ನ ಓರಗೆಯವಳು, ಈಗ ಮಾದಿಹಳ್ಳಿಯ ಸೊಸೆ. ನಮ್ಮೂರು ಬಸ್ತಿಹಳ್ಳಿಯಿಂದ ಅವಳ ಮನೆಯವರೆಗೆ ಈ ಹಾಳುಬಿದ್ದ ನಾಲೆಯಲ್ಲೇ ಒಮ್ಮೆ ನಡೆದು ಹೋಗೋಣವೆಂದು ಹಟ ಹಿಡಿದವಳು ನಾನೇ.

ಕೆರೆಯ ತೂಬು ಎತ್ತಿದ ದಿನ ನೀರಿನ ಮುಂದೆ ಮುಂದೆ ಬರಿಗಾಲಲ್ಲಿ ನಡೆಯುವುದು ಸಣ್ಣಪ್ಪನ ಕೆಲಸ. ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ಅವನೇ ಹೇಳಬೇಕು. ಅವನ ಹೆಗಲ ಮೇಲೆ ಒಮ್ಮೆ ಗೌರಿ, ಒಮ್ಮೆ ನಾನು. ಹಿಂದೆ ನೊರೆ ಕಟ್ಟಿಕೊಂಡು, ತರಗೆಲೆ ಹೊತ್ತುಕೊಂಡು ಬರುವ ನೀರು. ನಮ್ಮ ತೆಂಗಿನ ತೋಟದ ಹತ್ತಿರ ಅಜ್ಜಿ ಅವನಿಗಾಗಿ ರಾಗಿರೊಟ್ಟಿ ಹಿಡಿದು ನಿಂತಿರುತ್ತಿದ್ದಳು. ನಿಮಗೂ ಇಂಥ ಒಬ್ಬ ಅಜ್ಜಿ ಇದ್ದಿರಬಹುದು. ನನ್ನ ಅಜ್ಜಿಯೆಂದರೆ ಬೀಸುಕಲ್ಲಿನ ಸದ್ದು, ಸೆರಗಿನ ತುಂಬ ರಾಗಿಹಿಟ್ಟಿನ ಘಮ. ಮೇಲಿನ ಕಲ್ಲಿನ ಅಂಚಿಗೆ ಒನಕೆ ಬೀಳಿಸಿ ಚಕ್ಕೆ ಎಬ್ಬಿಸಿದ್ದಕ್ಕೆ ನನ್ನನ್ನು ಇಡೀ ದಿನ ಬೈದಿದ್ದಳು. ಆಮೇಲೊಮ್ಮೆ ಹೊಸ ಕಲ್ಲು ಬಂತು. ಹಳೆಯದು ಒಡೆದುಹೋಯಿತು ಎಂದಳು.

ಒಂದು ಬೇಸಿಗೆಯಲ್ಲಿ ನಾಲೆಯ ಕೊನೆಯ ಗದ್ದೆಗಳಿಗೆ ನೀರು ಮುಟ್ಟಲೇ ಇಲ್ಲ. ಸಣ್ಣಪ್ಪ ಕದ್ದು ಯಾರಿಗೋ ಬಿಟ್ಟಿದ್ದಾನೆಂದು ಊರು ಸೇರಿತು. ಅವನು ತೂಬಿನ ಕಲ್ಲು ಮುಟ್ಟಿ ಆಣೆ ಮಾಡಿದ. ಯಾರೂ ನಂಬಲಿಲ್ಲ. ಅವನ ಕೈಯ ಗುದ್ದಲಿ ಕಿತ್ತುಕೊಂಡವರು ನಮ್ಮ ಅಜ್ಜ. "ನೀರಿಗೇ ಮೋಸ ಮಾಡ್ದೆಯೇನ್ಲಾ?" ಎಂದರು. ಸಣ್ಣಪ್ಪ ಅಜ್ಜನ ಮುಖವನ್ನೇ ನೋಡಿದ. ಗೌರಿಯ ಕೈ ಹಿಡಿದು, ಊರು ಬಿಟ್ಟು ಗಂಡಸಿ ಎಂಬ ಊರಿನ ಕಡೆ ಹೊರಟುಹೋದ. ನಾನು ಅಜ್ಜನನ್ನೇ ನಂಬಿದೆ. ನಮ್ಮೂರಲ್ಲಿ ನ್ಯಾಯವಂತರೆಂದರೆ ಅವರೇ ಆಗಿದ್ದರು.

ಈಗ ಅಜ್ಜನ ಮನೆಯಿಲ್ಲ, ತೋಟ ಬೇರೆಯವರದು. ತೋಟದ ಮಗ್ಗುಲಲ್ಲಿ ನಾಲೆಯ ದಡ ಕುಸಿದಿತ್ತು. ತಳದಿಂದ ಗೇಣು ಮೇಲೆ, ನೀರಿದ್ದ ಕಾಲಕ್ಕೆ ಯಾರ ಕಣ್ಣಿಗೂ ಬೀಳದ ಕಡೆ, ಒಂದು ದುಂಡು ಕಲ್ಲು ದಡದಲ್ಲಿ ಹುದುಗಿತ್ತು. ಅದರ ನಡುವೆ ತೂತು. ತೂತಿನ ಹಿಂದೆ ಮಣ್ಣಿನ ಕೊಳವೆ, ನೇರ ನಮ್ಮ ತೋಟಕ್ಕೆ. ಅಂಚಿನ ಮಣ್ಣು ಒರೆಸಿದೆ. ನಾನೇ ಎಬ್ಬಿಸಿದ ಚಕ್ಕೆಯ ಗುರುತು ಅಲ್ಲಿತ್ತು.

ಅಜ್ಜಿ ಹಿಡಿ ಹಿಡಿ ರಾಗಿ ಸುರಿಯುತ್ತಿದ್ದ ತೂತಿನಿಂದಲೇ ಊರಿನ ನೀರು ನಮ್ಮ ತೋಟಕ್ಕೆ ಹರಿದಿತ್ತು. ಕಳ್ಳರು ನಾವು. ಕಲ್ಲು ಒಡೆದುಹೋಯಿತು ಎಂದಿದ್ದ ಅಜ್ಜಿಗೂ ಗೊತ್ತಿತ್ತು.

"ಗೌರಿ, ಇದು ನಮ್ಮ ಕಲ್ಲು ಕಣೇ" ಎಂದೆ.

ಅವಳು ಬಗ್ಗಿ ನೋಡಲೂ ಇಲ್ಲ. "ಗೊತ್ತು ಕಣೇ. ಇಲ್ಲಿ ನೀರು ಸೆಳೀತೈತೆ ಅಂತ ಅಪ್ಪ ನೀರಿಗಿಳಿದಾಗ ಕಾಲಲ್ಲೇ ಕಂಡ್ಕೊಂಡಿದ್ದ."

"ಮತ್ಯಾಕೆ ಹೇಳ್ಲಿಲ್ಲ?"

"ನಿಮ್ಮಜ್ಜಿ ಇಲ್ಲೇ ರೊಟ್ಟಿ ಹಿಡ್ಕೊಂಡು ನಿಂತಿರೋರಲ್ಲ. 'ಅವರ ರೊಟ್ಟಿ ತಿಂದ್ಬಿಟ್ಟಿದ್ನಲ್ಲ, ಹೆಂಗೆ ಹೇಳ್ಲಿ' ಅಂತಿದ್ದ ಅಪ್ಪ. ಸಾಯೋಗಂಟ ಅದೇ ಮಾತು."

ನಾನು ಉಗುರು ಕಿತ್ತುಬರುವಂತೆ ಆ ಕಲ್ಲನ್ನು ಜಗ್ಗತೊಡಗಿದೆ. ಗೌರಿ ನನ್ನ ತೋಳು ಹಿಡಿದಳು.

"ಬಿಡೇ. ಈಗ ನೀರೇ ಇಲ್ವಲ್ಲ."

ಅವಳು ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು, ಒಣ ನಾಲೆಯಲ್ಲಿ ಬರಿಗಾಲಲ್ಲಿ ಮುಂದೆ ನಡೆದಳು. ಅವಳ ಪಕ್ಕಕ್ಕೆ ಹೋಗುವ ಮುಖ ನನಗಿರಲಿಲ್ಲ.