ಮದುವೆ ಮನೆಯ ಅಕ್ಕಿ

ಎರಡನೇ ಮಹಾಯುದ್ಧದ ಕಾಲದಲ್ಲಿ ಶ್ರೀನಿವಾಸಪುರದಲ್ಲಿ ನನ್ನ ಮದುವೆ. ಅಕ್ಕಿ ದುಬಾರಿ, ಸಿಗುವುದೂ ಕಷ್ಟ. ಮದುವೆಯೂಟಕ್ಕೆ ಇಷ್ಟೇ ಜನ ಎಂಬ ಕಾನೂನಿನ ಬಗ್ಗೆ ಬೆಂಗಳೂರಿನ ಶಾಸನಸಭೆಯಲ್ಲಿ ಮೆಂಬರುಗಳ ವಾದ ಇನ್ನೂ ಮುಗಿದಿರಲಿಲ್ಲ. ಸರ್ಕಾರದ ಹುಕುಂ ಮಾತ್ರ ಆಗಲೇ ಊರಿಗೆ ಬಂದಿತ್ತು. ಅಪ್ಪ ಹೆದರುತ್ತಲೇ ಎಲ್ಲರನ್ನೂ ಕರೆದಿದ್ದರು.

ಮುಹೂರ್ತಕ್ಕೆ ಮುಂಚೆ ಅಧಿಕಾರಿಯೊಬ್ಬರು ಬಂದು ಅಕ್ಕಿಮೂಟೆಗಳನ್ನೆಲ್ಲ ಗಾಡಿಗೆ ಹೇರಿಸಿದರು. ಅಪ್ಪನನ್ನೂ ಹಿಡಿದುಕೊಂಡು ಹೋಗುತ್ತಾರೇನೋ ಎಂದು ಹಸೆಮಣೆಯ ಮೇಲೆ ಕೂತಿದ್ದ ನನಗೆ ಭಯ. ಗಂಡಿನ ಕಡೆಯವರು ಎದ್ದು ಹೋದರೆ?

ಅಪ್ಪ ಬೀಗರ ಮುಂದೆ ಕೈಮುಗಿದು ಅತ್ತರು.

“ಅಳಬೇಡಿ ಬೀಗ್ರೇ, ಮಜ್ಜಿಗೆ ಕುಡ್ಕೊಂಡ್ ಹೋಗ್ತೀವಿ. ಮೊದ್ಲು ತಾಳಿ ಕಟ್ಟಿಸಿ,” ಎಂದರು ನನ್ನ ಮಾವ.

ತಾಳಿ ಕಟ್ಟಿದ್ದಾಯಿತು. ಅಪ್ಪನಿಗೆ ನೋಟಿಸು ಬರುತ್ತದೆಂಬ ಭಯದಲ್ಲೇ ಗಂಡನ ಮನೆಗೆ ಹೊರಟೆ. ಅದು ಬರಲೇ ಇಲ್ಲ. ಆದರೂ ವರ್ಷವೆಲ್ಲ, ಯಾರಾದರೂ ಬಾಗಿಲು ತಟ್ಟಿದರೆ ಅಪ್ಪ ಬೆಚ್ಚಿಬೀಳುತ್ತಿದ್ದರಂತೆ.