ಕಚ್ಚಿಸಿಕೊಂಡ ಬೆರಳಿಗೆ ನಮಸ್ಕಾರ

ವಿಶೇಷ ಆರೈಕೆ ಬೇಕಾದ ಮಕ್ಕಳ ದಂತವೈದ್ಯದಲ್ಲಿ ಕೈಚಳಕವುಳ್ಳವರು ಹಲವರಿದ್ದಾರೆ; ಹೇಸಿಗೆಯನ್ನು ಬಾಗಿಲಾಚೆಯೇ ಬಿಟ್ಟು ಒಳಬರುವವರು ವಿರಳ. ಈ ತಿಂಗಳು ನಿವೃತ್ತರಾಗುತ್ತಿರುವ ನಮ್ಮ ಆಸ್ಪತ್ರೆಯ ಹಿರಿಯ ವೈದ್ಯೆ, ಎಲ್ಲರ ಬಾಯಲ್ಲೂ ಬರಿಯ ‘ಮೇಡಂ’, ಆ ವಿರಳರಲ್ಲಿ ಒಬ್ಬರು. ಅವರ ಶಿಷ್ಯೆಯಾಗಿ ಬಂದು ಸಹೋದ್ಯೋಗಿಯಾದ ನಾನು ಹೊಗಳಿಕೆಯಲ್ಲಿ ಜಿಪುಣಿ. ಅದೂ ಅವರಿಂದಲೇ ಕಲಿತದ್ದು.

ಸೇವೆಯ ಆರಂಭದಲ್ಲಿ ಅವರಿಗೆ ಸಿಕ್ಕಿದ್ದು ನೆಲಮಹಡಿಯಲ್ಲಿ ಮೆಟ್ಟಿಲ ಪಕ್ಕದ, ಕಿಟಕಿ ಸರಿಯಾಗಿ ಮುಚ್ಚದ ಕೋಣೆ. ದೊಡ್ಡ ಹುದ್ದೆ ಬಂದಾಗಲೂ ಅದನ್ನು ಬಿಡಲಿಲ್ಲ. ಗಾಲಿಕುರ್ಚಿ ನೇರವಾಗಿ ಒಳಬರುತ್ತಿದ್ದುದು ಅದೊಂದಕ್ಕೇ.

ಆ ಕೋಣೆಗೆ ಒಮ್ಮೆ ದರ್ಜಿಯೊಬ್ಬರು ಮಗಳನ್ನು ಎತ್ತಿಕೊಂಡು ಬಂದರು. ತಾಯಿಯಿಲ್ಲದ ಮಗು, ಕತ್ತು ನಿಲ್ಲದು, ಮಾತು ಬಾರದು, ಬಾಯಿ ಸದಾ ತೆರೆದೇ ಇರುತ್ತಿತ್ತು. ಒಸಡಿನ ಗಾಯದಲ್ಲಿ ಹುಳುಗಳಾಗಿದ್ದವು.

“ನನ್ನ ಕೈಲಿ ಆಗಲ್ಲ ಮೇಡಂ,” ಎಂದರು ಅಪ್ಪ. “ಮಗೂನ ಹೀಗಾ ನೋಡ್ಕೊಳ್ಳೋದು ಅಂತ ಜನ ಮುಖಕ್ಕೆ ಉಗೀತಿದ್ದಾರೆ. ವಾಸಿ ಆದ್ಮೇಲೆ ಯಾವುದಾದ್ರೂ ಆಶ್ರಮಕ್ಕೆ ಬಿಟ್ಟುಬಿಡ್ತೀನಿ.”

“ಬಾಯಿ ತೆರೆದಿತ್ತು, ಗಾಯ ಇತ್ತು, ನೊಣ ಕೂತು ಮೊಟ್ಟೆ ಇಟ್ಟಿದೆ, ಅಷ್ಟೆ. ನೀವು ಎಷ್ಟು ಮುದ್ದು ಮಾಡ್ತೀರಿ ಅಂತ ನೊಣ ವಿಚಾರಿಸ್ಕೊಂಡು ಬರತ್ತಾ?” ಎಂದರು ಮೇಡಂ. “ಹೊರಗೆ ಹೋಗ್ಬೇಡಿ. ನಿಮ್ಮ ಮಡಿಲಲ್ಲೇ ಮಲಗಿಸ್ಕೊಳ್ಳಿ.”

ಬೆಳಕು ಬಿದ್ದರೆ ಆ ಹುಳುಗಳು ಇನ್ನೂ ಆಳಕ್ಕೆ ಸರಿಯುತ್ತವೆ. ಆದ್ದರಿಂದ ಒಸಡನ್ನು ಮರಗಟ್ಟಿಸಿ, ಅವುಗಳನ್ನು ಹೊರಡಿಸುವ ಎಣ್ಣೆಯಲ್ಲಿ ಅದ್ದಿದ ಹತ್ತಿಯಿಟ್ಟು, ದೊಡ್ಡ ದೀಪ ಆರಿಸಿ ಕಾಯುವುದು ಮೇಡಂ ಅವರ ಪದ್ಧತಿ. ಆ ಮಬ್ಬಿನಲ್ಲಿ ಕುಳಿತು ಅವರು ಮಗುವಿಗೆ ತಮ್ಮ ಹಳೆಯ ಸ್ಕೂಟರಿನ ಮೇಲೆ ಚಾಡಿ ಹೇಳುತ್ತಿದ್ದರು. ಹುಳು ತಲೆಯೆತ್ತಿದರೆ ಪುಟ್ಟ ಟಾರ್ಚು, ಚಿಮಟ. ಮತ್ತೆ ಮಬ್ಬು, ಮತ್ತೆ ಸ್ಕೂಟರು. ಒಂದೂ ಉಳಿದಿಲ್ಲವೆಂದು ಖಾತ್ರಿಯಾಗುವವರೆಗೆ ದಿನವೂ ಹೀಗೆಯೇ ನಡೆಯಿತು. ನಾನಾಗಿದ್ದರೆ ತಾಳ್ಮೆ ಕಳೆದುಕೊಳ್ಳುತ್ತಿದ್ದೆ.

ಗಾಯ ಮಾಗಿತು. ಬೆರಳಿಗೆ ತೆಳುಬಟ್ಟೆ ಸುತ್ತಿ ಒಸಡು ಒರೆಸುವುದನ್ನು ದರ್ಜಿ ಕಲಿತರು. ಆಶ್ರಮದ ಮಾತು ಮಾತ್ರ ಬಿಡಲಿಲ್ಲ. ಹಾಗಿರುವಾಗ ಒಂದು ಬೆಳಿಗ್ಗೆ ಒಸಡು ಮುಟ್ಟಿ ನೋಡುತ್ತಿದ್ದ ಮೇಡಂ ಕಿರುಚಿದರು: “ಕಚ್ಚಿದಳು ಕಣ್ರೀ! ಎಲ್ರೂ ಬನ್ನಿ!”

ನೋವಿಗೆ ಹೆದರಿ ದವಡೆ ಅಲ್ಲಾಡಿಸದಿದ್ದ ಮಗುವದು. ಮೇಡಂ ಬೆರಳಿನ ಗುರುತನ್ನು ಪದಕದಂತೆ ಎಲ್ಲ ಕೋಣೆಗಳಿಗೂ ತೋರಿಸಿ ಬಂದರು. ದರ್ಜಿ ಮೊದಲ ಸಲ ನಕ್ಕರು.

“ಹಟಮಾರಿ, ಥೇಟ್ ಅವಳಮ್ಮನೇ. ಇವಳನ್ನ ಆಶ್ರಮದವರು ಹೇಗೆ ಸಂಭಾಳಿಸ್ತಾರೆ ಮೇಡಂ? ಮನೆಗೇ ಕರ್ಕೊಂಡು ಹೋಗ್ತೀನಿ.”

ಹೋದರು. ಮಗಳ ಮಂಚಕ್ಕೆ ನೊಣ ಬಾರದಂತೆ ಬಲೆ ಹೊಲಿದರು, ಮಿಕ್ಕ ಬಟ್ಟೆಯಲ್ಲಿ ನಮ್ಮ ಕಿಟಕಿಗೂ ಹೊಲಿದುಕೊಟ್ಟರು. ಆ ಪರದೆ ಈಗಲೂ ಇದೆ. ಇಂದು ಅವಳಿಗೆ ಇಪ್ಪತ್ತು ದಾಟಿದೆ. ಮೇಡಂ ಅವರನ್ನು ಕಂಡರೆ ಈಗಲೂ ಬಾಯಿ ಬಿಗಿಹಿಡಿಯಲು ನೋಡುತ್ತಾಳೆ, ಕಣ್ಣಲ್ಲಿ ನಗುತ್ತಾಳೆ.

ನಿವೃತ್ತಿಯ ನಂತರವೂ ವಾರಕ್ಕೊಮ್ಮೆ ಬಂದೇ ಬರುವೆನೆಂದು ಮೇಡಂ ಗದರಿಸಿದ್ದಾರೆ. ಬರಲಿ; ಆಯುಸ್ಸು, ಆರೋಗ್ಯ, ಆ ತಾಳ್ಮೆ ಅವರಿಗೆ ತುಂಬಿ ಬರಲಿ. ಬಾಯಿ ಮುಚ್ಚಲಾರದ ಇನ್ನೂ ನೂರಾರು ಮಕ್ಕಳು ಅವರ ಬೆರಳನ್ನು ಗಟ್ಟಿಯಾಗಿ ಕಚ್ಚಲಿ.